ಏಳು ತೂತಿನ ಕಾಲು

ಗುರು ಅಂದಕೂಡಲೇ ಜನ ಆಲದ ಮರ, ಜಿಂಕೆ ಚರ್ಮ, ಬಿಳಿ ಗಡ್ಡ ಎಲ್ಲ ಜೋಡಿಸಿಬಿಡುತ್ತಾರೆ. ಮೌನೇಶಾಚಾರ್ಯರಿಗೆ ಇದ್ದದ್ದು ಹೊಳೆದಂಡೆಯ ಒಂದು ಹಾಳು ಪಂಪ್‌ಹೌಸು. ಗಡ್ಡವನ್ನು ಬೆಸುಗೆಯ ಕಿಡಿಗಳು ಎಂದೋ ತಿಂದುಹಾಕಿದ್ದವು.

ಊರಿಗೆ ನೀರು ಬೇರೆ ಕಡೆಯಿಂದ ಬಂದಮೇಲೆ ಪಂಪು ನಿಂತಿತ್ತು. ಕರೆಂಟು ಮಾತ್ರ ಉಳಿದಿತ್ತು. ಅವರು ಅಲ್ಲಿ ಒಬ್ಬರೇ ಇದ್ದು, ಬಂದವರಿಗೆ ವೆಲ್ಡಿಂಗ್ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅನ್ನುವುದಕ್ಕಿಂತ, ಕಲಿಯುವವರ ಪಕ್ಕ ಸುಮ್ಮನೆ ಕೂತಿರುತ್ತಿದ್ದರು ಅನ್ನುವುದು ಮೇಲು.

ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ವಾರ ತ್ರಿಮೂರ್ತಿ ಅಲ್ಲಿಗೆ ಬಂದ. ಲಗೇಜ್ ಆಟೋದ ತುಂಬ ಕತ್ತರಿಸಿದ ಕಬ್ಬಿಣ ತಂದಿದ್ದ. ವಯಸ್ಸು ನಲವತ್ತರ ಹತ್ತಿರ, ಆಳು ಗಿಡ್ಡ. ತೊಟ್ಟಿದ್ದ ಅಂಗಿಯ ತೋಳು ಬೆರಳ ತುದಿಯವರೆಗೂ ಇಳಿಬಿದ್ದಿತ್ತು.

"ಯಾರ ಅಂಗಿ ಅದು?" ಅಂತ ಕೇಳಿದರು ಗುರುಗಳು.

"ನಮ್ಮಣ್ಣಂದು. ಕಾಳಾಚಾರಿ ಅಂತ. ನಿಮ್ಮ ಹತ್ರಾನೇ ಕಲ್ತಿದ್ದ."

"ನೆನಪಿದೆ. ಈ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಬರ್ತಿದ್ದ. ಹೇಗಿದಾನೆ?"

"ಆಷಾಢದಲ್ಲಿ ಹೋದ. ಎದೆ ನೋವು ಅಂದ, ಕೂತ. ಅಷ್ಟೇ."

ಗುರುಗಳು ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದರು. ಆಮೇಲೆ ಕೇಳಿದರು: "ನೀನು ಅವನ ಜೊತೆ ಏನು ಕೆಲಸ ಮಾಡ್ತಿದ್ದೆ?"

"ಹಿಡ್ಕೋತಿದ್ದೆ."

"ಏನನ್ನ?"

"ಅವನು ಬೆಸೆಯೋದನ್ನ. ನಮ್ಮನೇಲಿ ಇದ್ದದ್ದು ಒಂದೇ ಮುಖವಾಡ. ಅವನು ಹಾಕ್ಕೋತಿದ್ದ. ನಾನು ಸರಳನ್ನ ಎರಡೂ ಕೈಯಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಕೋತಿದ್ದೆ. ಬೆಸುಗೆ ಮುಗಿದ್ರೆ ಅವನು ಸುತ್ತಿಗೇಲಿ ಮೂರು ಸಲ ಕುಟ್ಟಿ, ಸ್ವಲ್ಪ ಬಿಟ್ಟು ಇನ್ನೊಂದು ಸಲ ಕುಟ್ತಿದ್ದ. ಹಾಗಂದ್ರೆ ಬಿಡು ಅಂತ. ನಾನು ಕೈ ಬಿಡ್ತಿದ್ದೆ."

"ಎಷ್ಟು ವರ್ಷ?"

"ಇಪ್ಪತ್ತು."

"ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ನಿನ್ನ ಕೈಗೆ ಬೆಸುಗೆ ಕಡ್ಡಿ ಹಿಡಿಯೋ ಹೋಲ್ಡರ್ ಕೊಡಲಿಲ್ವಾ?"

"ಕೊಡಲಿಲ್ಲ. ನಾನೂ ಕೇಳಲಿಲ್ಲ. ನನ್ನ ಕೈಗೆ ಅದು ಹತ್ತಲ್ಲ ಅಂತ ಅವನಿಗೆ ಗೊತ್ತಿತ್ತೇನೋ."

ತ್ರಿಮೂರ್ತಿ ಇದನ್ನು ನಗುತ್ತ ಹೇಳಿದ. ಆದರೆ ಆ ಮಾತು ಇಪ್ಪತ್ತು ವರ್ಷದಿಂದ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

"ಈಗ ಯಾಕೆ ಬಂದೆ?"

"ಮನೆ ಪಕ್ಕದ ಶೆಡ್ಡಲ್ಲಿ ಅಣ್ಣನ ವೆಲ್ಡಿಂಗ್ ಮಿಷನ್ನಿದೆ ಗುರುಗಳೇ. ಆಯುಧಪೂಜೆ ಒಳಗೆ ನಾನು ಕೆಲ್ಸ ಶುರುಮಾಡದಿದ್ರೆ ಅತ್ತಿಗೆ ಅದನ್ನ ಅವರ ತವರಿಗೆ ಕಳಿಸಿಬಿಡ್ತಾರೆ. ಕೆಲ್ಸ ಮಾಡದ ಆಯುಧಕ್ಕೆ ನಾನು ಹೂ ಇಡಲ್ಲ ಅಂದ್ರು."

"ಸರಿಯಾಗೇ ಹೇಳಿದಾಳೆ."

"ಸರಿಯಾಗೇ ಹೇಳಿದಾರೆ. ಅವರ ಮೇಲೆ ಕೋಪ ಇಲ್ಲ. ಆದ್ರೆ ಆ ಮಿಷನ್ನು ಹೋದ್ರೆ ಅಣ್ಣ ಇನ್ನೊಂದ್ಸಲ ಹೋದ ಹಾಗೆ. ಅದನ್ನ ತಡ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಆಯುಧಪೂಜೆಗೆ ಇಪ್ಪತ್ತೆರಡು ದಿನವಿತ್ತು.

ಗುರುಗಳು ಆಟೋದಲ್ಲಿದ್ದ ಕಬ್ಬಿಣದ ಕಡೆ ಕೈ ತೋರಿಸಿದರು. "ಇದೇನು?"

"ಟೇಬಲ್ಲು. ಅಣ್ಣ ಜೀವಮಾನವೆಲ್ಲ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೆಸೆದ. ಮಂಡಿ ಹೋಗಿತ್ತು. ನಿಂತು ಕೆಲ್ಸ ಮಾಡೋಕೆ ಟೇಬಲ್ ಮಾಡ್ಕೋತೀನಿ ಅಂತ ಎಲ್ಲಾ ಕತ್ತರಿಸಿ ಇಟ್ಟಿದ್ದ. ಕೆಳಗೆ ಚಕ್ರ ಬರಬೇಕು. ನಮ್ಮ ಶೆಡ್ಡು ಸಣ್ಣದು, ಕೆಲ್ಸ ಮುಗಿದಮೇಲೆ ಗೋಡೆಗೆ ತಳ್ಳಿದ್ರೆ ಅಲ್ಲೇ ಚಾಪೆ ಹಾಸ್ಬಹುದು."

ಗುರುಗಳು ಟೇಬಲ್ಲಿನ ಒಂದು ಕಾಲನ್ನು ಎತ್ತಿ ನೋಡಿದರು. ಹೊರಗೊಂದು ಚೌಕ ಕೊಳವೆ, ಅದರೊಳಗೆ ಜಾರುವ ಇನ್ನೊಂದು ಕೊಳವೆ. ಒಳಗಿನದಕ್ಕೆ ಒಂದೇ ತೂತು. ಹೊರಗಿನದಕ್ಕೆ ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ಏಳು ತೂತು. ಒಳಗಿನ ಕೊಳವೆಯನ್ನು ಮೇಲೆಳೆದು, ಬೇಕಾದ ತೂತಿಗೆ ಸರಿಮಾಡಿ, ಒಂದು ಪಿನ್ನು ತೂರಿಸಿದರೆ ಟೇಬಲ್ಲು ಆ ಎತ್ತರಕ್ಕೆ ನಿಲ್ಲುತ್ತಿತ್ತು.

ಎಲ್ಲಕ್ಕಿಂತ ಮೇಲಿನ ತೂತಿನ ಸುತ್ತ ಸೀಮೆಸುಣ್ಣದ ಗೆರೆಯಿತ್ತು.

"ಇದು?"

"ಅದು ಅಣ್ಣನ ಎತ್ತರ."

"ಏಳು ತೂತು ಯಾಕೆ?"

"ಗೊತ್ತಿಲ್ಲ ಗುರುಗಳೇ. ಅವನು ಮಾಡ್ತಿದ್ದದ್ದು ಕಿಟಕಿ ಗ್ರಿಲ್ಲೊಂದೇ. ಅಷ್ಟು ತೂತು ಯಾಕೆ ಕೊರೆದ್ನೋ, ಕೇಳೋಣ ಅನ್ನೋಷ್ಟರಲ್ಲಿ ಹೋದ."

ಗುರುಗಳು ಕಾಲನ್ನು ಕೆಳಗಿಟ್ಟರು. "ಟೇಬಲ್ ಮಾಡು. ಅದರ ಮೇಲೆ ನಿಂತ್ಕೊಂಡು ಒಂದು ಗೇಣು ಬೆಸುಗೆ ಎಳಿ. ಗೆರೆ ನೆಟ್ಟಗಿದ್ರೆ ಮನೆಗೆ ಹೋಗು."

"ಟೇಬಲ್ ಮೇಲೆ ಹತ್ತಿ ನಿಲ್ಲಬೇಕಾ?"

"ಟೇಬಲ್ ಮುಂದೆ ನಿಲ್ಲಯ್ಯ."

"ಗೆರೆ ನೆಟ್ಟಗಿಲ್ದಿದ್ರೆ?"

"ಅತ್ತಿಗೆ ಇದಾಳಲ್ಲ, ಅವಳು ನೋಡ್ಕೋತಾಳೆ. ಚಪ್ಪಲಿ ಹೊರಗೆ ಬಿಡು. ಇದು ಆಯುಧ ಇರೋ ಜಾಗ."

ಮೊದಲ ಐದು ದಿನ ತ್ರಿಮೂರ್ತಿ ನೆಲದ ಮೇಲೆ ಕೂತು ಹಳೆ ತಗಡಿನ ಮೇಲೆ ಗೆರೆ ಎಳೆದ.

ಆಶ್ಚರ್ಯವೆಂದರೆ ಅವು ನೆಟ್ಟಗೇ ಬಂದವು. ಇಪ್ಪತ್ತು ವರ್ಷ ಕಣ್ಣು ಮುಚ್ಚಿಕೊಂಡಿದ್ದವನು ಕಿವಿಯಲ್ಲೇ ಕೆಲಸ ಕಲಿತಿದ್ದ. ಕಡ್ಡಿ ಹತ್ತಿರ ಬಂದರೆ ಯಾವ ಸದ್ದು, ದೂರ ಹೋದರೆ ಯಾವ ಸದ್ದು ಅನ್ನುವುದು ಅವನಿಗೆ ಗೊತ್ತಿತ್ತು.

"ಕೈ ಇದೆ," ಅಂದರು ಗುರುಗಳು.

"ಅಣ್ಣನ ಕೈ ಬರಲಿಲ್ಲ ಬಿಡಿ ನನಗೆ."

"ನಿನ್ನ ಕೈ ಇದೆ ಅಂದೆ."

ತ್ರಿಮೂರ್ತಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಆರನೆಯ ದಿನ ಟೇಬಲ್ ಕಟ್ಟಲು ಶುರುಮಾಡಿದ. ಮೊದಲ ಕಾಲಿಗೆ ಪಟ್ಟಿ ಕೂರಿಸುವಾಗ ಒಂದೇ ಪಕ್ಕದಲ್ಲಿ ಮೇಲಿಂದ ಕೆಳಗೆ ಒಂದೇ ಉಸಿರಿಗೆ ಬೆಸೆದುಬಿಟ್ಟ. ಆರಿದ ಮೇಲೆ ನೋಡಿದರೆ ಕೊಳವೆ ಆ ಕಡೆಗೆ ಬಾಗಿತ್ತು. ಒಳಗಿನ ಕೊಳವೆ ಜಗ್ಗಿದರೂ ಬರಲಿಲ್ಲ.

"ಏನಾಯ್ತು ಗುರುಗಳೇ ಇದಕ್ಕೆ?"

"ಒಂದೇ ಕಣ್ಣಲ್ಲಿ ಅತ್ತರೆ ಮುಖ ಸೊಟ್ಟಗಾಗಲ್ವಾ? ಆ ಕಡೆ ಸ್ವಲ್ಪ ಬೆಸಿ, ಈ ಕಡೆ ಸ್ವಲ್ಪ ಬೆಸಿ. ನಡುವೆ ಆರೋಕೆ ಬಿಡು."

ಮಿಕ್ಕ ಮೂರು ಕಾಲು ಸರಿಯಾಗಿ ಬಂದವು. ಮೊದಲನೆಯದನ್ನು ಕಾಯಿಸಿ, ಬಡಿದು, ನೆಟ್ಟಗೆ ಮಾಡಲು ಎರಡು ದಿನ ಹಿಡಿಯಿತು.

ಚಕ್ರಗಳನ್ನು ತ್ರಿಮೂರ್ತಿ ಗುಜರಿಯಿಂದ ತಂದ. ಯಾವುದೋ ಆಸ್ಪತ್ರೆಯ ಹಳೆ ಮಂಚದವು. ರಬ್ಬರು ಸವೆದಿತ್ತು, ಬ್ರೇಕು ಇರಲಿಲ್ಲ.

ಗುರುಗಳು ಒಂದು ಚಕ್ರವನ್ನು ಅಂಗೈಯಲ್ಲಿಟ್ಟು ತಿರುಗಿಸಿದರು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು.

"ಇದರ ಮೇಲೆ ಯಾರ್ಯಾರು ಹೋಗಿದಾರೋ," ಅಂದರು.

ತ್ರಿಮೂರ್ತಿಗೆ ಮೈ ಜುಂ ಅಂತು. ಆದರೂ ಚಕ್ರ ಕೂರಿಸಿದ.

ಟೇಬಲ್ಲಿನ ಮೇಲ್ಹಲಗೆ ದಪ್ಪ ಕಬ್ಬಿಣದ್ದು. ಇಬ್ಬರು ಸೇರಿದರೂ ಎತ್ತಲು ಕಷ್ಟ. ಗುರುಗಳ ಹಳೆ ಲಾರಿ ಜಾಕಿ ಕೊಟ್ಟು ಮೂಲೆಮೂಲೆಯಾಗಿ ಎತ್ತಿ ಕೂರಿಸಿದರು. ಜಾಕಿಯನ್ನು ಮತ್ತೆ ಗೋಣಿಚೀಲದ ಕೆಳಗೆ ಇಟ್ಟರು.

ಹನ್ನೊಂದನೆಯ ದಿನ ಸಂಜೆ ಟೇಬಲ್ಲು ಎದ್ದು ನಿಂತಿತು. ತ್ರಿಮೂರ್ತಿ ಕೆಳಗಿನಿಂದ ಮೂರನೆಯ ತೂತಿಗೆ ಪಿನ್ನು ಹಾಕಿದ. ಅದು ಅವನ ಕೈಗೆ ಸರಿಯಾಗಿ ಬಂತು. ಟೇಬಲ್ಲನ್ನು ಕೋಣೆಯ ನಡುವೆ ನಿಲ್ಲಿಸಿ, ಗುರುಗಳ ಕಾಲು ಮುಟ್ಟಿ, ಊರಿಗೆ ಹೋದ.

ಮರುದಿನ ಬೆಳಿಗ್ಗೆ ಹೊಳೆಯ ಮೆಟ್ಟಿಲು ಹತ್ತುತ್ತಿದ್ದಾಗ ಅವನಿಗೆ ಸದ್ದು ಕೇಳಿತು.

ಟಿಕ್ ಟಿಕ್ ಟಿಕ್. ಆಮೇಲೆ, ಸ್ವಲ್ಪ ಬಿಟ್ಟು, ಟಿಕ್.

ಅವನ ಕೈ ತಾನಾಗಿ ಬಿಚ್ಚಿಕೊಂಡಿತು. ಅತ್ತಿಗೆ ಕಟ್ಟಿಕೊಟ್ಟ ಬುತ್ತಿಯ ಡಬ್ಬಿ ಕೆಳಗೆ ಬಿದ್ದು ಮೆಟ್ಟಿಲ ಮೇಲೆ ಉರುಳಿತು.

ಓಡಿ ಹೋಗಿ ನೋಡಿದರೆ ಪಂಪ್‌ಹೌಸಿನಲ್ಲಿ ಯಾರೂ ಇರಲಿಲ್ಲ. ಗುರುಗಳು ದೂರದಲ್ಲಿ ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಮುಖ ತೊಳೆಯುತ್ತಿದ್ದರು.

ಟೇಬಲ್ಲು ಕೋಣೆಯ ನಡುವೆ ಇರಲಿಲ್ಲ. ಬಾಗಿಲಿಗೆ ಬಂದು ನಿಂತಿತ್ತು. ಪಿನ್ನುಗಳು ಮೂರನೆಯ ತೂತಿನಲ್ಲಿರಲಿಲ್ಲ. ನಾಲ್ಕು ಕಾಲಲ್ಲೂ ಸೀಮೆಸುಣ್ಣದ ಸುತ್ತಿನೊಳಗೆ ಕೂತಿದ್ದವು.

ಗುರುಗಳು ಮುಖ ಒರೆಸಿಕೊಳ್ಳುತ್ತ ಬಂದರು.

"ಗುರುಗಳೇ, ಇದನ್ನ ಯಾರು ಎತ್ತಿದ್ರು?"

"ಯಾರು ಎತ್ತಿರಬಹುದು ಅಂತೀಯ?"

"ಅಣ್ಣ." ತ್ರಿಮೂರ್ತಿ ಸೀಮೆಸುಣ್ಣದ ಸುತ್ತಿನ ಕಡೆ ಕೈ ತೋರಿಸಿದ. "ಸುತ್ತಿಗೆ ಸದ್ದೂ ಕೇಳಿಸ್ತು. ಅವನು ಕೆಲ್ಸ ಮಾಡುವಾಗ ಬಾಗಿಲ ಹತ್ರಾನೇ ಕೂರ್ತಿದ್ದ. ಬೆಳಕು ಬೇಕು ಅಂತ."

"ಹಾಗಾದ್ರೆ ಏನು ಬೇಕು ಅಂತ ಕೇಳು."

ಗುರುಗಳು ಹೊರಗೆ ಹೋದರು.

ತ್ರಿಮೂರ್ತಿ ಟೇಬಲ್ಲನ್ನು ನಡುವಿಗೆ ತಳ್ಳಿ, ಮೆಲ್ಲಗೆ ಕೇಳಿದ: "ಅಣ್ಣಾ, ಏನು ಬೇಕು?"

ಟೇಬಲ್ಲು ಬಾಗಿಲ ಕಡೆ ಒಂದು ಬೆರಳಷ್ಟು ಸರಿಯಿತು.

ಅವನು ಹೊರಗೆ ಓಡಲಿಲ್ಲ. ಹೆದರಿಕೆಯ ಜೊತೆಗೇ ಒಂದು ಸಂತೋಷವೂ ಆಯಿತು. ಅದನ್ನು ಯಾರಿಗೂ ಹೇಳಲಾರದೆ ಕೈಗವಸು ಹಾಕಿಕೊಂಡ.

ಕೈಗವಸೂ ಅಣ್ಣನದೇ. ಅದರ ಬೆರಳುಗಳು ಇವನ ಬೆರಳಿಗಿಂತ ಉದ್ದ. ತುದಿಗಳು ಖಾಲಿ, ಆದರೂ ಏನನ್ನೋ ಹಿಡಿದಂತೆ ಬಾಗಿ ಗಟ್ಟಿಯಾಗಿದ್ದವು.

ಟೇಬಲ್ಲಿನ ಎತ್ತರವನ್ನು ಅವನು ಇಳಿಸಲಿಲ್ಲ.

ಮುಖವಾಡ ಇಳಿಸಿಕೊಂಡರೆ ಹಾಡಹಗಲಲ್ಲೂ ಕತ್ತಲು. ಕಡ್ಡಿಯ ತುದಿಯ ಹಸಿರು ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ. ಆ ಕತ್ತಲಲ್ಲಿ ಬೀಡಿಯ ವಾಸನೆ ಬಂತು. ತ್ರಿಮೂರ್ತಿ ಬೀಡಿ ಸೇದುವವನಲ್ಲ, ಸೇದುತ್ತಿದ್ದವನು ಅಣ್ಣ. ಕಿವಿಯ ಹತ್ತಿರ ಯಾರೋ ಉಸಿರಾಡುತ್ತಿದ್ದರು.

ಒಂದು ಗೇಣು ಎಳೆದು ಮುಖವಾಡ ಎತ್ತಿದ.

ಬೆಸುಗೆ ಆರಿದ ಮೇಲೆ ಗುರುಗಳು ಬಂದು, ಸುತ್ತಿಗೆಯಿಂದ ಮೇಲಿನ ಕರಿ ಚಿಪ್ಪನ್ನು ಕೆಡವಿ, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಅಲೆ," ಅಂದರು.

ನಿಜ. ಗೆರೆ ಹೊಳೆಯ ನೀರಿನ ಹಾಗೆ ಮೇಲೆ ಕೆಳಗೆ ಆಡಿತ್ತು.

"ನೆಲದ ಮೇಲೆ ಕೂತಾಗ ನೆಟ್ಟಗೆ ಬರ್ತಿತ್ತಲ್ಲ ಗುರುಗಳೇ?"

"ಬರ್ತಿತ್ತು."

"ಈಗ ಯಾಕೆ ಬರ್ತಿಲ್ಲ?"

"ನೀನೇ ಹೇಳ್ಬೇಕು."

ಸಂಜೆ ಟೇಬಲ್ಲನ್ನು ನಡುವೆ ನಿಲ್ಲಿಸಿ ಹೋಗುತ್ತಿದ್ದ. ಬೆಳಿಗ್ಗೆ ಮೆಟ್ಟಿಲ ಮೇಲೆ ಮೂರು ಟಿಕ್, ಆಮೇಲೆ ಒಂದು ಟಿಕ್. ಒಳಗೆ ಹೋದರೆ ಟೇಬಲ್ಲು ಬಾಗಿಲಲ್ಲಿ. ದಿನಾ ಹೀಗೇ ನಡೆಯಿತು. ದಿನಾ ಗುರುಗಳು "ಅಲೆ" ಅನ್ನುತ್ತಿದ್ದರು. ಅದನ್ನು ಬಿಟ್ಟು ಬೇರೆ ಮಾತೇ ಇಲ್ಲ. ಅವರಿಗೆ ಹೃದಯ ಅನ್ನುವುದು ಇತ್ತೋ ಇಲ್ಲವೋ ಅಂತ ನಮಗೂ ಅನ್ನಿಸುತ್ತದೆ.

ಹೀಗೆ ಶುರುವಾದ ಐದನೆಯ ದಿನ ತ್ರಿಮೂರ್ತಿ ಕುಂಟುತ್ತ ಬಂದ.

"ಕಾಲಿಗೇನಾಯ್ತು?"

"ಮೀನಖಂಡ ಹಿಡ್ಕೊಂಡಿದೆ. ಮಲಗಿದ್ರೆ ಯಾರೋ ಎರಡೂ ಕಾಲು ಹಿಡಿದು ಹಿಂಡಿದ ಹಾಗಾಗುತ್ತೆ. ಗುರುಗಳೇ, ಅಣ್ಣಂಗೆ ನನ್ನ ಮೇಲೆ ಸಿಟ್ಟಿದೆಯಾ?"

"ಯಾಕೆ ಸಿಟ್ಟು?"

"ಅವನ ಜಾಗದಲ್ಲಿ ನಿಂತಿದೀನಲ್ಲ."

ಗುರುಗಳು ಏನೋ ಹೇಳಹೊರಟವರು ನಿಲ್ಲಿಸಿದರು. "ಎತ್ತರ ಸರಿಯಿದೆಯಾ ನಿನಗೆ?" ಅಂತ ಮಾತ್ರ ಕೇಳಿದರು.

"ಎತ್ತರದ್ದೇನೂ ತೊಂದರೆ ಇಲ್ಲ. ಆರಾಮಾಗಿ ನಿಂತು ಮಾಡ್ತಿದೀನಿ."

ಎಂಟನೆಯ ದಿನ ಅವನ ಕಣ್ಣು ಕೆಂಪಾಗಿತ್ತು. ಅದು ಬೆಸುಗೆಯ ಬೆಳಕಿನಿಂದ ಆದದ್ದಲ್ಲ.

"ಅತ್ತಿಗೆ ಮಿಷನ್ನಿಗೆ ಗೋಣಿ ಸುತ್ತಿ ಹಗ್ಗ ಬಿಗಿದಿದಾರೆ. ಅದರ ಮೇಲೆ ಕೈ ಇಟ್ಕೊಂಡು ಕೂತಿದ್ರು. ನನ್ನ ಕಂಡು ಎದ್ದು ಒಳಗೆ ಹೋದ್ರು. ಇನ್ನು ಮೂರೇ ದಿನ ಗುರುಗಳೇ. ನನಗೆ ಅಣ್ಣ ಜಾಗ ಕೊಡ್ತಾನೂ ಇಲ್ಲ, ನನ್ನ ಬಿಡ್ತಾನೂ ಇಲ್ಲ."

ಆ ಸಂಜೆ ಗುರುಗಳು ಒಲೆಯಿಂದ ಒಂದು ಬುಟ್ಟಿ ಬೂದಿ ತಂದರು. ಟೇಬಲ್ಲಿನ ಸುತ್ತ, ಕೋಣೆಯ ತುಂಬ, ಬಾಗಿಲವರೆಗೂ ಜರಡಿಯಲ್ಲಿ ತೆಳ್ಳಗೆ ಉದುರಿಸಿದರು. ಹಿಂದೆ ಹಿಂದೆ ನಡೆದು ಹೊರಗೆ ಬಂದು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ತ್ರಿಮೂರ್ತಿಗೇ ಕೊಟ್ಟರು.

"ನಾನು ಹೊರಗೆ ಜಗಲಿ ಮೇಲೆ ಮಲಗ್ತೀನಿ. ಬೆಳಿಗ್ಗೆ ನೀನೇ ಬಂದು ತೆಗಿ."

ಬೆಳಿಗ್ಗೆ ಅವನು ಬಂದಾಗ ಗುರುಗಳು ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಬೀಗ ಹಾಕಿದ ಹಾಗೇ ಇತ್ತು.

ಬೀಗ ಹಾಕಿದ ಬಾಗಿಲ ಹಿಂದಿನಿಂದ ಸದ್ದು ಬಂತು. ಟಿಕ್ ಟಿಕ್ ಟಿಕ್. ಟಿಕ್.

ತ್ರಿಮೂರ್ತಿಯ ಕೈಯಿಂದ ಬೀಗದ ಕೈ ಜಾರಿತು. ಅದನ್ನು ಹೆಕ್ಕಿಕೊಟ್ಟವರು ಗುರುಗಳು. ಅವರ ಕೈಯಲ್ಲಿದ್ದ ಲೋಟವೂ ಸ್ವಲ್ಪ ಅಲುಗಿದ್ದನ್ನು ಅವನು ನೋಡಲಿಲ್ಲ.

ಬಾಗಿಲು ತೆಗೆದರು. ಟೇಬಲ್ಲು ಹೊಸ್ತಿಲಲ್ಲೇ ನಿಂತಿತ್ತು. ಬೂದಿಯ ಮೇಲೆ ಕೋಣೆಯ ನಡುವಿನಿಂದ ಅಲ್ಲಿಯವರೆಗೆ ನಾಲ್ಕು ಚಕ್ರದ ಗೆರೆ. ಒಂದೇ ಒಂದು ಹೆಜ್ಜೆ ಗುರುತಿಲ್ಲ.

"ಕಾಲಿಲ್ಲದವರು ತಳ್ಳಿದಾರೆ," ಅಂದ ತ್ರಿಮೂರ್ತಿ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಗುರುಗಳು ಚೊಂಬಿನಲ್ಲಿ ನೀರು ತಂದು ಗೋಡೆಯ ಬುಡದಲ್ಲಿ ಸುರಿದರು. ನೀರು ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಮೆಲ್ಲಗೆ ಬಾಗಿಲ ಕಡೆ ಹರಿಯಿತು.

"ಪಂಪ್‌ಹೌಸು ಕಣಯ್ಯ ಇದು. ಚೆಲ್ಲಿದ ನೀರು ಹೊರಗೆ ಹೋಗಲಿ ಅಂತ ನೆಲವನ್ನ ಇಳಿಜಾರು ಮಾಡಿದಾರೆ. ನಿನ್ನ ಚಕ್ರಕ್ಕೆ ಬ್ರೇಕಿಲ್ಲ."

ತ್ರಿಮೂರ್ತಿ ನೀರನ್ನೇ ನೋಡಿದ. ಸಮಾಧಾನವಾಗಬೇಕಿತ್ತು. ಬದಲಿಗೆ ಏನೋ ಕಳೆದುಕೊಂಡಂತಾಯಿತು.

"ಮತ್ತೆ ಎತ್ತರ?"

"ಮೊದಲು ಕೆಲಸ ಮಾಡು."

ಟೇಬಲ್ಲನ್ನು ಒಳಗೆ ತಳ್ಳಿ, ಚಕ್ರಗಳಿಗೆ ಕಲ್ಲು ಕೊಟ್ಟರು. ಅದರ ಮುಂದೆ ಗುರುಗಳು ಹೊಸದಾಗಿ ಬೂದಿ ಉದುರಿಸಿದರು. ತ್ರಿಮೂರ್ತಿ ಬಾಗಿಲಿಂದ ಅದರ ಮೇಲೆ ನಡೆದುಹೋಗಿ, ನಿಂತು, ಮುಖವಾಡ ಇಳಿಸಿ, ಒಂದು ಗೇಣು ಎಳೆದ. ಎತ್ತಿ ನೋಡಿದರೆ ಅಲೆ.

"ಹೋಗಿ ಮುಖ ತೊಳ್ಕೊಂಡು ಬಾ," ಅಂದರು ಗುರುಗಳು.

ಅವನು ಹೊಳೆಯಿಂದ ವಾಪಸು ಬಂದಾಗ ಗುರುಗಳು ಬಾಗಿಲಲ್ಲೇ ನಿಂತಿದ್ದರು. "ಬೂದಿ ನೋಡು."

ಬಾಗಿಲಿಂದ ಟೇಬಲ್ಲಿನವರೆಗೆ ಅವನದೇ ಹೆಜ್ಜೆಗಳಿದ್ದವು. ಹಿಮ್ಮಡಿ, ಪಾದ, ಐದು ಬೆರಳು. ಹೋದದ್ದು, ಬಂದದ್ದು, ಎರಡೂ ಸ್ಪಷ್ಟವಾಗಿದ್ದವು.

ಟೇಬಲ್ಲಿನ ಮುಂದೆ ಬೇರೆ ಎರಡು ಪಾದಗಳಿದ್ದವು. ಬಹಳ ಹೊತ್ತು ಒಂದೇ ಜಾಗದಲ್ಲಿ ನಿಂತ ಪಾದಗಳು. ಅವುಗಳಿಗೆ ಬೆರಳುಗಳಿದ್ದವು, ಹಿಮ್ಮಡಿ ಇರಲಿಲ್ಲ.

ತ್ರಿಮೂರ್ತಿ ಬಾಗಿಲ ಕಂಬ ಹಿಡಿದುಕೊಂಡ.

"ಗುರುಗಳೇ, ದೆವ್ವದ ಕಾಲು ನೆಲಕ್ಕೆ ಪೂರ್ತಿ ಊರಲ್ಲ ಅಂತಾರೆ."

"ಅಂತಾರೆ."

"ನಾನು ನಿಂತಿದ್ದ ಜಾಗದಲ್ಲೇ ನಿಂತಿದಾನೆ. ಅಷ್ಟು ಹೊತ್ತೂ ನನ್ನ ಜೊತೆಗೇ ನಿಂತಿದ್ದ."

"ಹೋಗಿ ಅದರ ಮೇಲೆ ನಿಲ್ಲು."

"ಬೇಡ ಗುರುಗಳೇ."

"ನಿಲ್ಲು."

ಅವನು ಹೋದ. ಆ ಗುರುತುಗಳ ಮೇಲೆ ಒಂದೊಂದೇ ಕಾಲಿಟ್ಟ.

"ಹೋಲ್ಡರ್ ತಗೋ. ಬೆಸೆಯೋ ಹಾಗೆ ಕೈ ಇಡು. ಹ್ಞಾ. ಈಗ ಅಲ್ಲಾಡಬೇಡ. ತಲೆ ಬಗ್ಗಿಸಿ ಕೆಳಗೆ ನೋಡು."

ಅವನು ನೋಡಿದ.

ಬೂದಿಯಲ್ಲಿದ್ದ ಹತ್ತು ಬೆರಳ ಗುರುತಿನಲ್ಲಿ ಅವನ ಹತ್ತು ಬೆರಳು ಸರಿಯಾಗಿ ಕೂತಿದ್ದವು. ಅವನ ಎರಡೂ ಹಿಮ್ಮಡಿ ಗಾಳಿಯಲ್ಲಿದ್ದವು. ಮೀನಖಂಡ ಕಲ್ಲಾಗಿ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಬೆನ್ನು ಹತ್ತಿ, ಭುಜ ದಾಟಿ, ಕಡ್ಡಿಯ ತುದಿಗೆ ಬರುತ್ತಿತ್ತು.

ಅವನು ಹಿಮ್ಮಡಿಗಳನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

"ಇಷ್ಟು ದಿನ?" ಅಂದ.

"ಇಷ್ಟು ದಿನ."

"ನನಗೆ ಗೊತ್ತೇ ಆಗಲಿಲ್ಲ."

"ನಿನಗೆ ಗೊತ್ತಾಗಲಿಲ್ಲ. ಬೆಸುಗೆಗೆ ಗೊತ್ತಾಯ್ತು."

ತ್ರಿಮೂರ್ತಿ ಅತ್ತ. ಅಣ್ಣ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಆ ದಿನ ಹೆಣ ಎತ್ತುವಾಗಲೂ ಹಿಡಿದುಕೊಳ್ಳುವ ಕೆಲಸ ಅವನದೇ ಆಗಿತ್ತು.

ಮುಖ ಒರೆಸಿಕೊಂಡು ಕೇಳಿದ: "ಟೇಬಲ್ ಎತ್ತಿದ್ದು ಯಾರು ಹಾಗಾದ್ರೆ?"

"ನಾನು. ಅವತ್ತೊಂದು ದಿನ. ಆ ಗೋಣಿ ಕೆಳಗೆ ಜಾಕಿ ಇದೆ, ನೀನೇ ಉಪಯೋಗಿಸಿದ್ದು. ಮರೆತುಹೋಯ್ತಾ?"

"ಯಾಕೆ ಗುರುಗಳೇ?"

"ನೀನು ಇಳಿಸ್ತೀಯೋ ಇಲ್ವೋ ನೋಡೋಣ ಅಂತ. ಒಂಬತ್ತು ದಿನ ಕಾದೆ."

ತ್ರಿಮೂರ್ತಿಗೆ ಸಿಟ್ಟು ಬಂತು. ಜೀವನದಲ್ಲಿ ಮೊದಲ ಸಲ ಹಿರಿಯರೊಬ್ಬರ ಮುಂದೆ ದನಿ ಎತ್ತಿದ. "ನನಗೆ ಇದ್ದದ್ದೇ ಅಷ್ಟು ದಿನ! ಅದರಲ್ಲಿ ಒಂಬತ್ತು ದಿನ ನನ್ನ ಹೆದರಿಸಿ ಕೊಂದ್ರಲ್ಲ. ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ?"

"ಹೇಳಿದ್ರೆ ಇಳಿಸ್ತಿದ್ದೆ. ನಾನು ಹೇಳಿದೆ ಅಂತ ಇಳಿಸ್ತಿದ್ದೆ." ಗುರುಗಳ ದನಿ ಏರಲಿಲ್ಲ. "ಮನೇಲಿ ಹೇಳೋಕೆ ನಾನಿರ್ತೀನಾ?"

ತ್ರಿಮೂರ್ತಿ ಹೋಲ್ಡರನ್ನು ಟೇಬಲ್ಲಿನ ಮೇಲಿಟ್ಟ.

"ಆ ಸುತ್ತಿಗೆ ಸದ್ದೂ ನೀವೇ ಮಾಡಿದ್ದು," ಅಂದ.

"ಅದು ನಾನಲ್ಲ."

"ಮತ್ತೆ?"

"ನನಗೂ ಕೇಳುತ್ತೆ," ಅಂದರು ಗುರುಗಳು. ಅಷ್ಟೇ ಅಂದರು.

ಹೊರಗೆ ಹೊಳೆ ಹರಿಯುತ್ತಿತ್ತು.

ಆಮೇಲೆ ತ್ರಿಮೂರ್ತಿ ಗೋಣಿಯ ಕೆಳಗಿನಿಂದ ಜಾಕಿ ಎಳೆದ. ಮೂಲೆಮೂಲೆಯಾಗಿ ಹಲಗೆಯನ್ನು ಎತ್ತಿ, ಸೀಮೆಸುಣ್ಣದ ಸುತ್ತಿನಿಂದ ಪಿನ್ನು ಕಿತ್ತ. ಟೇಬಲ್ಲು ಒಂದೊಂದೇ ತೂತು ಇಳಿಯಿತು. ಮೂರನೆಯ ತೂತಿಗೆ ಬಂದಾಗ ನಿಲ್ಲಿಸಿ, ನಾಲ್ಕೂ ಪಿನ್ನು ಹಾಕಿದ.

ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ. ಅಣ್ಣನ ಕೈಗವಸು ತೆಗೆದಿಟ್ಟು, ಗುರುಗಳ ಹಳೆಯದೊಂದನ್ನು ಕೇಳಿ ಹಾಕಿಕೊಂಡ. ಬೂದಿಯ ಮೇಲೆ ಪೂರ್ತಿ ಪಾದ ಊರಿ ನಿಂತ.

ಮುಖವಾಡ ಇಳಿಸಿದ. ಕತ್ತಲಾಯಿತು. ಬೀಡಿಯ ವಾಸನೆ ಇತ್ತು. ಮನೆಯಿಂದ ತಂದದ್ದು ಅಣ್ಣ ದಿನಾ ಹಾಕಿಕೊಳ್ಳುತ್ತಿದ್ದ ಮುಖವಾಡ, ವಾಸನೆ ಇರದೆ ಎಲ್ಲಿಗೆ ಹೋಗುತ್ತದೆ. ಉಸಿರೂ ಇತ್ತು. ಅದು ಅವನದೇ ಉಸಿರು.

ಹಸಿರು ಚುಕ್ಕೆ ಹೊತ್ತಿಕೊಂಡಿತು. ಎಡದಿಂದ ಬಲಕ್ಕೆ ಒಂದು ಗೇಣು ನಡೆಯಿತು. ಆರಿತು.

ಅವನು ಮುಖವಾಡ ಎತ್ತುವ ಮೊದಲೇ, ಆ ಕತ್ತಲಲ್ಲಿ, ಬಹಳ ಹತ್ತಿರದಲ್ಲಿ ಸದ್ದಾಯಿತು.

ಟಿಕ್ ಟಿಕ್ ಟಿಕ್.

ಅವನು ಕಾದ.

ಟಿಕ್.

ಅವನ ಕೈ ಸಡಿಲವಾಯಿತು. ಈ ಸಲ ಏನೂ ಕೆಳಗೆ ಬೀಳಲಿಲ್ಲ. ಹೋಲ್ಡರನ್ನು ಟೇಬಲ್ಲಿನ ಪಕ್ಕದ ಕೊಕ್ಕೆಗೆ ಮೆಲ್ಲಗೆ ಸಿಕ್ಕಿಸಿ, ಮುಖವಾಡ ಎತ್ತಿದ.

ಗುರುಗಳು ಅವನನ್ನು ನೋಡುತ್ತಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಸುತ್ತಿಗೆಯನ್ನು ನೋಡುತ್ತಿದ್ದರು. ಅದು ಸಣ್ಣಗೆ ತೂಗುತ್ತಿತ್ತು. ಹೊಳೆಯ ಗಾಳಿಗಿರಬಹುದು.

ಬೆಸುಗೆ ಆರಿದ ಮೇಲೆ ಅವರು ಬಂದು ಚಿಪ್ಪನ್ನು ಬೆರಳಲ್ಲೇ ಕೆಡವಿದರು. ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಏನೂ ಅನ್ನಲಿಲ್ಲ.

ಗೆರೆ ನೆಟ್ಟಗಿತ್ತು.

ತ್ರಿಮೂರ್ತಿ ಅದನ್ನು ನೋಡಿದ. ಮುಖ ಅರಳಲಿಲ್ಲ. ಕಾಲಿನ ಮೇಲಿದ್ದ ಸೀಮೆಸುಣ್ಣದ ಸುತ್ತು, ಈಗ ಪಿನ್ನಿಲ್ಲದೆ, ಖಾಲಿ ಕಣ್ಣಿನ ಹಾಗೆ ಅವನನ್ನೇ ನೋಡುತ್ತಿತ್ತು.

"ಮಿಷನ್ನು ಉಳೀತು ಗುರುಗಳೇ. ಅತ್ತಿಗೆ ಗೋಣಿ ಬಿಚ್ತಾರೆ. ಆದ್ರೆ ಇದು ಅಣ್ಣನ ಟೇಬಲ್ಲು. ಅವನಿಗೆ ಅಂತ ಮಾಡ್ಕೊಂಡಿದ್ದು. ಅವನ ಎತ್ತರ ಕಿತ್ತು ನಂದು ಮಾಡ್ಕೊಂಡೆ."

ಗುರುಗಳು ಟೇಬಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ತೋರುಬೆರಳನ್ನು ಮೇಲಿನ ತೂತಿನಲ್ಲಿಟ್ಟರು. ಆಮೇಲೆ ಅದರ ಕೆಳಗಿನದರಲ್ಲಿ. ಆಮೇಲೆ ಅದರ ಕೆಳಗಿನದರಲ್ಲಿ. ಹೀಗೆ ಪಿನ್ನಿನವರೆಗೆ ಬಂದು, ಅದನ್ನೂ ದಾಟಿ, ಕೊನೆಯ ತೂತಿನವರೆಗೆ ಇಳಿದರು.

"ಬಂದ ದಿನ ನಿನ್ನ ಒಂದು ಪ್ರಶ್ನೆ ಕೇಳಿದ್ದೆ."

"ಏಳು ತೂತು ಯಾಕೆ ಅಂತ. ನನಗೆ ಗೊತ್ತಿಲ್ಲ ಗುರುಗಳೇ. ಅವನು ನನಗೇನೂ ಹೇಳಲೇ ಇಲ್ಲ."

ಗುರುಗಳು ಮಂಡಿಗೆ ಕೈ ಕೊಟ್ಟು ಎದ್ದರು.

"ತನಗೊಬ್ಬನಿಗೇ ಆಗಿದ್ದಿದ್ರೆ ಅವನಿಗೆ ಒಂದು ತೂತು ಸಾಕಿತ್ತು."